ವರ್ಕರ್‌ಗೆ ತಲುಪಿದ್ದು ಹೆಸರು ಮಾತ್ರ, ಕೋಡ್ ಅಲ್ಲ

ಪ್ರಶ್ನೆ: ಲಾಗ್ ಫೈಲ್‌ಗಳನ್ನು ಶುದ್ಧಗೊಳಿಸುವ ಒಂದು ಪೈಸ್ಪಾರ್ಕ್ (ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವ ಸ್ಪಾರ್ಕ್‌ನ ಪೈಥಾನ್ ರೂಪ) ಜಾಬ್ ಬರೆದಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತದೆ. ಕ್ಲಸ್ಟರ್‌ಗೆ (ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಗುಂಪಿಗೆ) ಹಾಕಿದ ಕೂಡಲೇ ‘ಕ್ಲೀನ್ ಎಂಬ ಮಾಡ್ಯೂಲ್ ಸಿಗುತ್ತಿಲ್ಲ’ ಎಂಬ ಎರರ್ ಬರುತ್ತದೆ. ವಿಚಿತ್ರವೆಂದರೆ, ಅವೇ ಫಂಕ್ಷನ್‌ಗಳನ್ನು ನೋಟ್‌ಬುಕ್ಕಿನೊಳಗೇ ಬರೆದರೆ ಕ್ಲಸ್ಟರ್‌ನಲ್ಲೂ ಸರಿಯಾಗಿ ಓಡುತ್ತದೆ. ಬೇರೆ ಫೈಲಿಗೆ ಹಾಕಿ ಇಂಪೋರ್ಟ್ ಮಾಡಿಕೊಂಡರೆ ಮಾತ್ರ ಬೀಳುತ್ತದೆ. ಇದರ ಜೊತೆಗೆ ನಂಪೈ, ಪಾಂಡಾಸ್ ಮತ್ತು ಇನ್ನೊಂದೆರಡು ಲೈಬ್ರರಿಗಳೂ ಬೇಕು. ಸಹೋದ್ಯೋಗಿಯೊಬ್ಬರು ‘ಎಲ್ಲವನ್ನೂ ಡಾಕರ್‌ಗೆ ತುಂಬಿಬಿಡಿ’ ಎನ್ನುತ್ತಾರೆ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಎಲ್ಲದರ ಸಮೇತ ಕಂಟೇನರ್ ಎಂಬ ಒಂದೇ ಪೆಟ್ಟಿಗೆಯಲ್ಲಿ ಕಟ್ಟುವ ಸಾಧನ ಅದು). ಇನ್ನೊಬ್ಬರು ‘ವರ್ಕರ್ ಶುರುವಾಗುವಾಗ ಪಿಪ್ ಇನ್‌ಸ್ಟಾಲ್ ಮಾಡಿಸಿದರೆ ಸಾಕು’ ಎನ್ನುತ್ತಾರೆ (ಪಿಪ್ ಅಂದರೆ ಪೈಥಾನ್ ಲೈಬ್ರರಿಗಳನ್ನು ತಂದು ಹಾಕುವ ಸಾಧನ). ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನೀವು ‘ವಿಚಿತ್ರ’ ಎಂದಿರುವ ಭಾಗದಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಹಾಗಾಗಿ ಡಾಕರ್ ಬೇಕೇ, ಪಿಪ್ ಸಾಕೇ ಎಂಬ ಜಗಳವನ್ನು ಕೊನೆಗೆ ಇಟ್ಟುಕೊಳ್ಳೋಣ.

ಡ್ರೈವರ್ (ಜಾಬನ್ನು ನಡೆಸುವ ಮುಖ್ಯ ಪ್ರೋಗ್ರಾಮ್) ಒಂದು ಫಂಕ್ಷನ್ನನ್ನು ವರ್ಕರ್‌ಗೆ (ಅದು ಹಂಚಿದ ಕೆಲಸ ಮಾಡುವ ಯಂತ್ರಕ್ಕೆ) ಕಳಿಸುವಾಗ ಅದನ್ನು ಪಿಕಲ್ ಮಾಡುತ್ತದೆ, ಅಂದರೆ ಬೈಟ್‌ಗಳ ಸರಮಾಲೆಯಾಗಿ ಮಾರ್ಪಡಿಸುತ್ತದೆ. ಫಂಕ್ಷನ್ನಿನ ಒಳಗಿನ ಸಾಲುಗಳೆಲ್ಲ ಆ ಬೈಟ್‌ಗಳಲ್ಲಿ ಇರುತ್ತವೆ ಎಂದೇ ಬಹಳ ಜನ ನಂಬಿರುತ್ತಾರೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ‘ಕ್ಲೀನ್’ ಎಂಬ ಫೈಲಿನಲ್ಲಿ ‘ಫಿಕ್ಸ್_ಡೇಟ್’ ಎಂಬ ಫಂಕ್ಷನ್ ಬರೆದು, ಅದನ್ನು ಇಂಪೋರ್ಟ್ ಮಾಡಿಕೊಂಡು, ಪೈಥಾನಿನ ಮಾಮೂಲಿ ಪಿಕಲ್‌ನಿಂದ ಡಂಪ್ ಮಾಡಿ ಉದ್ದ ಅಳೆಯಿರಿ. 33 ಬೈಟ್ ಬರುತ್ತದೆ. ಫಂಕ್ಷನ್ನಿಗೆ ಇನ್ನೂರು ಸಾಲು ಸೇರಿಸಿ ಮತ್ತೆ ಅಳೆಯಿರಿ. ಆಗಲೂ 33 ಬೈಟ್. ಒಳಗಿರುವುದು ಎರಡೇ ಹೆಸರು: ಮಾಡ್ಯೂಲಿನದು 5 ಅಕ್ಷರ, ಫಂಕ್ಷನ್ನಿನದು 8 ಅಕ್ಷರ. ಉಳಿದದ್ದು ಪಿಕಲ್‌ನ ಲೆಕ್ಕಾಚಾರದ ಗುರುತುಗಳು. ಅಂದರೆ ವರ್ಕರ್‌ಗೆ ಹೋಗುವ ಸಂದೇಶ ಇಷ್ಟೇ: ‘ಕ್ಲೀನ್ ಎಂಬ ಮಾಡ್ಯೂಲನ್ನು ಇಂಪೋರ್ಟ್ ಮಾಡಿಕೋ, ಅದರಲ್ಲಿರುವ ಫಿಕ್ಸ್_ಡೇಟ್ ಅನ್ನು ಕರೆ.’ ವರ್ಕರ್ ತನ್ನ ಡಿಸ್ಕಿನಲ್ಲಿ ಹುಡುಕುತ್ತದೆ, ಸಿಗುವುದಿಲ್ಲ, ಬೀಳುತ್ತದೆ. ಲ್ಯಾಪ್‌ಟಾಪಿನಲ್ಲಿ ಡ್ರೈವರೂ ವರ್ಕರೂ ಒಂದೇ ಡಿಸ್ಕಿನ ಮೇಲಿರುವುದರಿಂದ ಹುಡುಕಿದ್ದು ಯಾವಾಗಲೂ ಸಿಕ್ಕಿಬಿಡುತ್ತದೆ.

ಹಾಗಾದರೆ ನೋಟ್‌ಬುಕ್ಕಿನಲ್ಲಿ ಬರೆದ ಫಂಕ್ಷನ್ ಹೇಗೆ ಓಡಿತು? ಪೈಸ್ಪಾರ್ಕ್ ಬಳಸುವುದು ಮಾಮೂಲಿ ಪಿಕಲ್ ಅಲ್ಲ, ಕ್ಲೌಡ್‌ಪಿಕಲ್. ಫಂಕ್ಷನ್ ಮುಖ್ಯ ಸ್ಕ್ರಿಪ್ಟಿನಲ್ಲೋ ನೋಟ್‌ಬುಕ್ ಸೆಲ್ಲಿನಲ್ಲೋ ಹುಟ್ಟಿದ್ದರೆ, ‘ಇದನ್ನು ಇಂಪೋರ್ಟ್ ಮಾಡಿಕೊಳ್ಳಲು ವರ್ಕರ್‌ಗೆ ದಾರಿಯೇ ಇಲ್ಲ’ ಎಂದು ಕ್ಲೌಡ್‌ಪಿಕಲ್‌ಗೆ ಗೊತ್ತು. ಆಗ ಅದು ಹೆಸರಿನ ಬದಲು ಫಂಕ್ಷನ್ನಿನ ಬೈಟ್‌ಕೋಡನ್ನೇ (ಪೈಥಾನ್ ಓಡಿಸುವ, ಕಂಪೈಲ್ ಆದ ರೂಪವನ್ನೇ), ಅದು ಮುಟ್ಟುವ ಗ್ಲೋಬಲ್ ವೇರಿಯಬಲ್‌ಗಳ ಸಮೇತ, ಕಟ್ಟಿ ಕಳಿಸುತ್ತದೆ. ಲ್ಯಾಂಬ್ಡಾಗಳ (ಹೆಸರಿಲ್ಲದ ಪುಟ್ಟ ಫಂಕ್ಷನ್‌ಗಳ) ಗತಿಯೂ ಇದೇ. ಬೇರೆ ಫೈಲಿನಿಂದ ಇಂಪೋರ್ಟ್ ಮಾಡಿದ ಫಂಕ್ಷನ್ ಆದರೆ ‘ಇದು ಅಲ್ಲಿಯೂ ಇದ್ದೇ ಇರುತ್ತದೆ’ ಎಂದುಕೊಂಡು ಹೆಸರನ್ನು ಮಾತ್ರ ಕಳಿಸುತ್ತದೆ. ಅಚ್ಚುಕಟ್ಟಾಗಿ ಫೈಲ್ ಬೇರ್ಪಡಿಸಿದವರಿಗೇ ಶಿಕ್ಷೆ ಆದಂತೆ ಕಾಣುವುದು ಇದರಿಂದ.

ಇದನ್ನು ತಿಳಿದ ಮೇಲೆ ‘ಎಲ್ಲವನ್ನೂ ನೋಟ್‌ಬುಕ್ಕಿನಲ್ಲೇ ಬರೆದುಬಿಡುತ್ತೇನೆ’ ಎಂಬ ಆಸೆ ಹುಟ್ಟುತ್ತದೆ. ಬೇಡ. ಬೈಟ್‌ಕೋಡ್ ಪೈಥಾನಿನ ಆವೃತ್ತಿಗೆ ಅಂಟಿಕೊಂಡಿರುತ್ತದೆ: 3.10ರಲ್ಲಿ ಕಟ್ಟಿದ್ದು 3.11ರಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬ ಖಾತರಿ ಇಲ್ಲ. ಅದಕ್ಕೇ ಪೈಸ್ಪಾರ್ಕ್ ಡ್ರೈವರ್ ಮತ್ತು ವರ್ಕರ್ ಎರಡರ ಆವೃತ್ತಿಯನ್ನು ಹೋಲಿಸಿ, ಚುಕ್ಕೆಯ ನಂತರದ ಅಂಕಿ ಬೇರೆಯಾಗಿದ್ದರೆ ಓಡಲು ನಿರಾಕರಿಸುತ್ತದೆ. ಇನ್ನೊಂದು ಕಿರಿಕಿರಿ, ಫಂಕ್ಷನ್ ಮುಟ್ಟಿದ್ದೆಲ್ಲ ಅದರ ಜೊತೆ ಹೊರಡುವುದು. ಕ್ಲಾಸಿನ ಒಳಗಿನ ಮೆಥಡನ್ನು ಮ್ಯಾಪ್‌ಗೆ (ಪ್ರತಿ ಸಾಲಿಗೂ ಒಂದು ಫಂಕ್ಷನ್ ಅನ್ವಯಿಸುವ ಆಜ್ಞೆಗೆ) ಕೊಟ್ಟರೆ ಸೆಲ್ಫ್ (ಆ ಕ್ಲಾಸಿನ ಆಬ್ಜೆಕ್ಟ್) ಕೂಡ ಹೊರಡುತ್ತದೆ, ಸೆಲ್ಫ್ ಜೊತೆ ಅದರೊಳಗಿನ ಡೇಟಾಬೇಸ್ ಕನೆಕ್ಷನ್ನೂ ಹೊರಡಲು ನೋಡುತ್ತದೆ. ಆಮೇಲೆ ‘ಥ್ರೆಡ್ ಲಾಕನ್ನು ಪಿಕಲ್ ಮಾಡಲಾಗದು’ ಎಂಬ, ನೀವು ಬರೆದೇ ಇರದ ವಸ್ತುವಿನ ಬಗೆಗಿನ ಎರರ್ ನೋಡಿ ತಲೆ ಕೆರೆದುಕೊಳ್ಳುತ್ತೀರಿ. ಕನೆಕ್ಷನ್ನನ್ನು ವರ್ಕರ್ ಒಳಗೇ, ಪಾರ್ಟಿಷನ್ನಿಗೊಂದರಂತೆ (ಡೇಟಾದ ಪ್ರತಿ ತುಂಡಿಗೊಂದರಂತೆ) ತೆರೆಯುವುದು ಸರಿಯಾದ ಕ್ರಮ.

ಸರಿ, ಈಗ ನಿಮ್ಮದೇ ಕೋಡನ್ನು ಕಳಿಸುವ ಬಗೆ. ‘ಕ್ಲೀನ್’ನಲ್ಲಿರುವುದು ಶುದ್ಧ ಪೈಥಾನ್ ಮಾತ್ರ ಆಗಿದ್ದರೆ ಇದು ಐದು ನಿಮಿಷದ ಕೆಲಸ: ಜಿಪ್ ಮಾಡಿ, ಸ್ಪಾರ್ಕ್-ಸಬ್ಮಿಟ್‌ಗೆ (ಜಾಬನ್ನು ಕ್ಲಸ್ಟರ್‌ಗೆ ಹಾಕುವ ಕಮಾಂಡಿಗೆ) ‘ಪೈ-ಫೈಲ್ಸ್’ ಆಯ್ಕೆಯಲ್ಲಿ ಕೊಡಿ. ಸ್ಪಾರ್ಕ್ ಅದನ್ನು ಪ್ರತಿ ವರ್ಕರ್‌ಗೂ ಹಂಚಿ ಇಂಪೋರ್ಟ್ ಹುಡುಕುವ ದಾರಿಗೆ ಸೇರಿಸುತ್ತದೆ. ಇಷ್ಟು ಸರಳವಾದ ಹೆಜ್ಜೆಯಲ್ಲೇ ಜನ ಅರ್ಧ ದಿನ ಕಳೆಯುವುದನ್ನು ನೋಡಿದ್ದೇನೆ. ಕಾರಣ ಬಹುತೇಕ ಒಂದೇ: ಜಿಪ್ಪಿನ ಒಳಗೆ ಒಂದು ಫೋಲ್ಡರ್ ಹೆಚ್ಚಿಗೆ. ಹೊರಗಿನ ಪ್ರಾಜೆಕ್ಟ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪ್ ಮಾಡಿದರೆ ಒಳಗೆ ‘ಪ್ರಾಜೆಕ್ಟ್/ಕ್ಲೀನ್/…’ ಎಂದಿರುತ್ತದೆ. ಬೇಕಾದದ್ದು ಜಿಪ್ ತೆರೆದ ತಕ್ಷಣ ಮೊದಲ ಸಾಲಿನಲ್ಲೇ ‘ಕ್ಲೀನ್/…’. ಅನ್‌ಜಿಪ್ ಕಮಾಂಡಿಗೆ ‘ಎಲ್’ ಆಯ್ಕೆ ಕೊಟ್ಟು ಪಟ್ಟಿಯನ್ನು ಒಮ್ಮೆ ಕಣ್ಣಾರೆ ನೋಡಿ, ಆಮೇಲೆ ಕ್ಲಸ್ಟರ್‌ಗೆ ಹಾಕಿ.

ಇನ್ನೆರಡು ಗುಂಡಿಗಳಿವೆ. ಜಿಪ್ಪಿನೊಳಗೆ ಒಂದು ಸಣ್ಣ ಸಿಎಸ್‌ವಿಯನ್ನೋ ಜೇಸನ್ ಪಟ್ಟಿಯನ್ನೋ ಇಟ್ಟು, ಕೋಡಿನಲ್ಲಿ ಅದನ್ನು ಮಾಮೂಲಿ ‘ಓಪನ್’ನಿಂದ ತೆರೆಯಲು ಹೋದರೆ ಸಿಗುವುದಿಲ್ಲ, ಏಕೆಂದರೆ ಡಿಸ್ಕಿನ ಮೇಲೆ ಆ ಹೆಸರಿನ ಫೈಲೇ ಇಲ್ಲ, ಇರುವುದು ಜಿಪ್ ಒಂದೇ. ‘ಇಂಪೋರ್ಟ್‌ಲಿಬ್ ರಿಸೋರ್ಸಸ್’ ಬಳಸಿ ಓದಿದರೆ ಫೋಲ್ಡರಾದರೂ ಜಿಪ್ಪಾದರೂ ಕೆಲಸ ಮಾಡುತ್ತದೆ. ಎರಡನೆಯದು, ತಿದ್ದಿದ ಜಿಪ್ಪನ್ನು ಓಡುತ್ತಿರುವ ಸೆಷನ್ನಿಗೆ ಅದೇ ಹೆಸರಿನಲ್ಲಿ ಮತ್ತೆ ಸೇರಿಸುವುದು. ಒಮ್ಮೆ ಸೇರಿಸಿದ ಪಾತ್ ಅನ್ನು ಸ್ಪಾರ್ಕ್ ಬದಲಿಸುವುದಿಲ್ಲ. ಅದರ ಮೇಲೆ, ಪೈಥಾನ್ ವರ್ಕರ್ ಪ್ರೊಸೆಸ್‌ಗಳನ್ನು ಅದು ಮರುಬಳಕೆ ಮಾಡುವುದರಿಂದ ಹಳೆಯ ಮಾಡ್ಯೂಲ್ ಮೆಮೊರಿಯಲ್ಲೇ ಕೂತಿರುತ್ತದೆ. ನೀವು ತಿದ್ದುತ್ತಲೇ ಇರುತ್ತೀರಿ, ಎರರ್ ಮಾತ್ರ ಹಳೆಯ ಸಾಲಿನದ್ದೇ ಬರುತ್ತಿರುತ್ತದೆ. ಫೈಲಿನ ಹೆಸರಿಗೇ ಆವೃತ್ತಿ ಸಂಖ್ಯೆ ಸೇರಿಸಿ, ಸೆಷನ್ ಹೊಸದಾಗಿ ಶುರು ಮಾಡಿ.

ಇನ್ನು ನಂಪೈ, ಪಾಂಡಾಸ್. ಇವನ್ನೂ ಅದೇ ಜಿಪ್ಪಿಗೆ ತುರುಕಿದರಾಯಿತು ಎನ್ನಿಸಬಹುದು. ಆಗದು. ಇವುಗಳ ಹೊಟ್ಟೆಯಲ್ಲಿ ಸಿ ಭಾಷೆಯಿಂದ ಕಂಪೈಲ್ ಆದ ನೇಟಿವ್ ಲೈಬ್ರರಿಗಳಿವೆ, ಮತ್ತು ಜಿಪ್ಪಿನೊಳಗಿಂದ ಅಂಥ ಲೈಬ್ರರಿಯನ್ನು ಲೋಡ್ ಮಾಡಲು ಪೈಥಾನಿಗೆ ಬರುವುದಿಲ್ಲ. ವೀಲ್ ಫೈಲನ್ನೇ (ಪೈಥಾನ್ ಲೈಬ್ರರಿಗಳು ಕಟ್ಟಿ ಬರುವ ಪ್ಯಾಕೇಜ್ ಫೈಲನ್ನೇ) ನೇರವಾಗಿ ‘ಪೈ-ಫೈಲ್ಸ್’ಗೆ ಕೊಡುವುದೂ ಪರಿಹಾರವಲ್ಲ.

ವೀಲ್ ಎಂದಾಗ ಅದರ ಹೆಸರನ್ನು ಓದಲು ಕಲಿಯುವುದು ಒಳ್ಳೆಯದು, ಅರ್ಧ ರೋಗಪತ್ತೆ ಅಲ್ಲೇ ಆಗುತ್ತದೆ. ‘ನಂಪೈ-1.26.4-ಸಿಪಿ311-ಸಿಪಿ311-ಮೆನಿಲಿನಕ್ಸ್_2_17_ಎಕ್ಸ್86_64’ ಎಂದಿದ್ದರೆ: ಸಿಪಿ311 ಅಂದರೆ ಸಿಪೈಥಾನ್ (ಮಾಮೂಲಿ ಪೈಥಾನ್) 3.11ಕ್ಕೆ ಮಾತ್ರ. ಮೆನಿಲಿನಕ್ಸ್_2_17 ಅಂದರೆ ಜಿಲಿಬ್‌ಸಿ (ಲಿನಕ್ಸಿನ ಮೂಲ ಸಿ ಲೈಬ್ರರಿ) 2.17 ಅಥವಾ ಅದಕ್ಕಿಂತ ಹೊಸದು ಇರುವ ಲಿನಕ್ಸ್. ಕೊನೆಯದು ಪ್ರೊಸೆಸರ್ ಜಾತಿ. ನಿಮ್ಮದು ಆರ್ಮ್ ಚಿಪ್ಪಿನ ಮ್ಯಾಕ್ ಆಗಿದ್ದು ಕ್ಲಸ್ಟರಿನದು ಎಕ್ಸ್86 ಲಿನಕ್ಸ್ ಆಗಿದ್ದರೆ, ನಿಮ್ಮ ಯಂತ್ರದಲ್ಲಿ ಇನ್‌ಸ್ಟಾಲ್ ಆಗಿರುವ ಪ್ಯಾಕೇಜ್ ಫೋಲ್ಡರನ್ನು ಹಾಗೇ ನಕಲು ಮಾಡಿ ಕಳಿಸಿ ಪ್ರಯೋಜನವಿಲ್ಲ. ಕಟ್ಟುವ ಕೆಲಸ ವರ್ಕರ್‌ನಂಥದ್ದೇ ಯಂತ್ರದಲ್ಲಿ, ಅಂದರೆ ಅದೇ ಜಾತಿಯ ಲಿನಕ್ಸ್ ಕಂಟೇನರಿನಲ್ಲೋ ಸಿಐ (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ) ಸರ್ವರಿನಲ್ಲೋ ನಡೆಯಬೇಕು.

ನಿಮ್ಮ ಸಂದರ್ಭಕ್ಕೆ ನಾನು ಸೂಚಿಸುವುದು ಕಾಂಡಾ-ಪ್ಯಾಕ್. ಇಡೀ ಕಾಂಡಾ ಎನ್ವಿರಾನ್‌ಮೆಂಟನ್ನು (ಕಾಂಡಾ ಎಂಬ ಸಾಧನ ಒಂದೆಡೆ ಹಾಕಿಟ್ಟ ಲೈಬ್ರರಿಗಳ ಗುಂಪನ್ನು), ಪೈಥಾನ್ ಇಂಟರ್‌ಪ್ರಿಟರ್ (ಪೈಥಾನ್ ಕೋಡನ್ನು ಓಡಿಸುವ ಪ್ರೋಗ್ರಾಮ್) ಸಮೇತ, ಒಂದು ಟಾರ್ ಫೈಲಾಗಿ ಕಟ್ಟುತ್ತದೆ. ಅದನ್ನು ಸ್ಪಾರ್ಕ್-ಸಬ್ಮಿಟ್‌ನ ‘ಆರ್ಕೈವ್ಸ್’ ಆಯ್ಕೆಯಲ್ಲಿ ಕೊಟ್ಟು, ಫೈಲಿನ ಹೆಸರಿನ ಕೊನೆಗೆ ಹ್ಯಾಷ್ (#) ಗುರುತು ಹಾಕಿ ‘ಎನ್ವಿರಾನ್‌ಮೆಂಟ್’ ಎಂದು ಬರೆಯಿರಿ. ಪ್ರತಿ ವರ್ಕರ್‌ನಲ್ಲಿ ಅದು ಆ ಹೆಸರಿನ ಫೋಲ್ಡರಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಪೈಸ್ಪಾರ್ಕ್_ಪೈಥಾನ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನು ಆ ಫೋಲ್ಡರಿನ ಬಿನ್ ಒಳಗಿನ ಪೈಥಾನಿಗೆ ತಿರುಗಿಸಿ. ಈ ಕೊನೆಯ ಸಾಲು ಮರೆತರೆ ಟಾರ್ ಹೋಗುತ್ತದೆ, ಬಿಚ್ಚಿಕೊಳ್ಳುತ್ತದೆ, ಆದರೆ ವರ್ಕರ್ ತನ್ನ ಹಳೆಯ ಪೈಥಾನನ್ನೇ ಬಳಸುತ್ತದೆ. ಸ್ಪಾರ್ಕ್ 3.1ಕ್ಕಿಂತ ಮೊದಲು ಈ ಸೌಲಭ್ಯ ಯಾರ್ನ್ (ಹಡೂಪ್ ಕ್ಲಸ್ಟರಿನ ಯಂತ್ರಗಳಿಗೆ ಕೆಲಸ ಹಂಚುವ ವ್ಯವಸ್ಥೆ) ಮೇಲೆ ಮಾತ್ರ ಇತ್ತು. ಈಗ ಕುಬರ್ನೆಟೀಸ್ (ಕಂಟೇನರ್‌ಗಳನ್ನು ಹಲವು ಯಂತ್ರಗಳಲ್ಲಿ ಓಡಿಸುವ ವ್ಯವಸ್ಥೆ) ಮತ್ತು ಸ್ಟ್ಯಾಂಡ್‌ಅಲೋನ್ (ಸ್ಪಾರ್ಕ್ ತಾನೇ ನಡೆಸುವ) ಕ್ಲಸ್ಟರುಗಳಲ್ಲೂ ಇದೆ.

ಕಾಂಡಾ ಬೇಡ ಎನ್ನುವವರು ವೆನ್ವ್-ಪ್ಯಾಕ್ ಕಡೆಗೋ ಪೆಕ್ಸ್ ಕಡೆಗೋ ನೋಡುತ್ತಾರೆ. ಎರಡರಲ್ಲೂ ಇಂಟರ್‌ಪ್ರಿಟರ್ ಒಳಗೆ ಇರುವುದಿಲ್ಲ ಎಂಬುದು ನೆನಪಿರಲಿ. ವೆನ್ವ್‌ನ ಪೈಥಾನ್ ಸಾಮಾನ್ಯವಾಗಿ ಯಂತ್ರದ ಪೈಥಾನಿಗೆ ಕಟ್ಟಿದ ಸಿಮ್‌ಲಿಂಕ್ (ಬೇರೆ ಫೈಲಿಗೆ ಬೆರಳು ತೋರಿಸುವ ಕೊಂಡಿ). ಎಲ್ಲ ವರ್ಕರ್‌ಗಳಲ್ಲೂ ಅದೇ ಜಾಗದಲ್ಲಿ ಅದೇ ಪೈಥಾನ್ ಇರದಿದ್ದರೆ ಲಿಂಕ್ ಗಾಳಿಗೆ ತೂಗುತ್ತದೆ.

ಒಂದು ಬುದ್ಧಿಮಾತು: ಅಭಿವೃದ್ಧಿಯ ವೇಳೆ ‘ಕ್ಲೀನ್’ ಪ್ಯಾಕೇಜನ್ನು ಎಡಿಟಬಲ್ ಆಗಿ ಇನ್‌ಸ್ಟಾಲ್ ಮಾಡಿಕೊಂಡಿದ್ದರೆ, ಎನ್ವಿರಾನ್‌ಮೆಂಟಿನೊಳಗೆ ಇರುವುದು ನಿಮ್ಮ ಹೋಮ್ ಫೋಲ್ಡರಿಗೆ ಬೆರಳು ತೋರಿಸುವ ಒಂದು ಗುರುತಷ್ಟೆ. ಕಾಂಡಾ-ಪ್ಯಾಕ್ ಇದನ್ನು ಕಂಡರೆ ಕಟ್ಟಲು ಒಪ್ಪುವುದೇ ಇಲ್ಲ. ಸಿಟ್ಟಾಗಬೇಡಿ, ಅದು ಮಾಡುತ್ತಿರುವುದು ಉಪಕಾರ. ವೀಲ್ ಕಟ್ಟಿ ಸರಿಯಾಗಿ ಇನ್‌ಸ್ಟಾಲ್ ಮಾಡಿ, ಆಮೇಲೆ ಪ್ಯಾಕ್ ಮಾಡಿ.

ಈಗ ನಿಮ್ಮ ಎರಡನೇ ಸಹೋದ್ಯೋಗಿಯ ಸಲಹೆಗೆ ಬರುತ್ತೇನೆ, ವರ್ಕರ್ ಶುರುವಾಗುವಾಗ ಪಿಪ್ ಇನ್‌ಸ್ಟಾಲ್. ನಾನೂ ಒಂದು ಕಾಲದಲ್ಲಿ ಇದರ ಭಕ್ತ. ಬಿಟ್ಟದ್ದು ಒಂದು ರಾತ್ರಿಯ ಜಾಬ್‌ನಿಂದ. ದಿನಾಂಕಗಳನ್ನು ಒಂದು ರೂಪಕ್ಕೆ ತರುವ ಕೆಲಸ, ಇಪ್ಪತ್ತು ವರ್ಕರ್‌ಗಳಿಂದ ಶುರುವಾಗಿ ಹೊರೆ ಹೆಚ್ಚಿದಂತೆ ತಾನಾಗಿ ಬೆಳೆಯುತ್ತಿತ್ತು. ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಲೈಬ್ರರಿಗಳ ಹೆಸರು ಮಾತ್ರ ಇತ್ತು, ಆವೃತ್ತಿ ಬರೆದಿರಲಿಲ್ಲ. ಜಾಬ್ ಅರ್ಧ ದಾರಿಯಲ್ಲಿದ್ದಾಗ ಅವುಗಳಲ್ಲಿ ಒಂದರ ಹೊಸ ಆವೃತ್ತಿ ಬಿಡುಗಡೆಯಾಯಿತು. ಮೊದಲು ಎದ್ದ ವರ್ಕರ್‌ಗಳಲ್ಲಿ ಹಳೆಯದು, ನಂತರ ಸೇರಿಕೊಂಡವುಗಳಲ್ಲಿ ಹೊಸದು. ಯಾವ ಎರರೂ ಇಲ್ಲ, ಜಾಬ್ ಹಸಿರು ಬಣ್ಣದಲ್ಲಿ ಮುಗಿಯಿತು. ಬೆಳಿಗ್ಗೆ ನೋಡಿದರೆ ಒಂದೇ ಕಾಲಮ್ಮಿನಲ್ಲಿ ಕೆಲವು ಸಾಲುಗಳಿಗೆ ದಿನ ಮೊದಲು, ಕೆಲವಕ್ಕೆ ತಿಂಗಳು ಮೊದಲು. ಜಾಬ್ ಬಿದ್ದಿದ್ದರೆ ಮತ್ತೆ ಓಡಿಸಿ ಮನೆಗೆ ಹೋಗಬಹುದಿತ್ತು. ಇದನ್ನು ಹೆಕ್ಕಿ ಸರಿಮಾಡಲು ಮೂರು ದಿನ ಹಿಡಿಯಿತು.

ಆವೃತ್ತಿಗಳನ್ನು ಬಿಗಿದಿದ್ದರೆ ಅಂದು ಹಾಗಾಗುತ್ತಿರಲಿಲ್ಲ, ನಿಜ. ಆದರೆ ನೀವು ನೇರವಾಗಿ ಕೇಳಿದ ನಾಲ್ಕು ಲೈಬ್ರರಿಗಳನ್ನು ಬಿಗಿದರೆ ಸಾಲದು. ಅವುಗಳ ಬೆನ್ನಿಗೆ ಬರುವ ನಲವತ್ತನ್ನೂ ಬಿಗಿಯಬೇಕು. ಪಿಪ್-ಕಂಪೈಲ್, ಯುವಿ, ಪೊಯೆಟ್ರಿ, ಯಾವುದಾದರೂ ಸರಿ, ಲಾಕ್ ಫೈಲ್ (ಎಲ್ಲ ಲೈಬ್ರರಿಗಳ ನಿಖರ ಆವೃತ್ತಿಗಳ ಪಟ್ಟಿ) ಹುಟ್ಟಿಸಿ ರೆಪೊಸಿಟರಿಗೆ ಸೇರಿಸಿ. ಹ್ಯಾಷ್‌ಗಳ (ಫೈಲಿನ ಬೆರಳಚ್ಚಿನಂಥ ಸಂಕೇತಗಳ) ಸಮೇತ ಹುಟ್ಟಿಸಿದರೆ ಇನ್ನೂ ಒಳ್ಳೆಯದು. ಅಷ್ಟಾದ ಮೇಲೂ ಶುರುವಿನಲ್ಲೇ ಇನ್‌ಸ್ಟಾಲ್ ಮಾಡುವ ಪದ್ಧತಿಗೆ ಬೇರೆ ತೊಂದರೆಗಳಿವೆ: ನೂರು ವರ್ಕರ್ ಎದ್ದರೆ ಒಂದೇ ಕೆಲಸ ನೂರು ಸಲ, ಪ್ಯಾಕೇಜ್ ಸರ್ವರ್ ಆ ಹೊತ್ತಿಗೆ ಕೈಕೊಟ್ಟರೆ ಜಾಬೂ ಕೈಕೊಟ್ಟಿತು, ಮತ್ತು ಭದ್ರತೆಯ ಕಾರಣಕ್ಕೆ ಹೊರಗಿನ ಇಂಟರ್ನೆಟ್ ಇಲ್ಲದ ವರ್ಕರ್‌ಗಳಲ್ಲಿ ಈ ದಾರಿ ಮೊದಲೇ ಮುಚ್ಚಿದೆ. ಇಂಥದ್ದೇ ಕೆಲಸದ ಇನ್ನೊಂದು ಸಾಧನವಾದ ಅಪಾಚೆ ಬೀಮ್ ಬಳಸುವವರಿಗೂ ಇದೇ ಮಾತು: ರಿಕ್ವೈರ್‌ಮೆಂಟ್ಸ್ ಫೈಲ್ ಕೊಟ್ಟರೆ ಪ್ರತಿ ವರ್ಕರ್ ಏಳುವಾಗಲೂ ಇನ್‌ಸ್ಟಾಲ್ ನಡೆಯುತ್ತದೆ. ಆರಂಭಕ್ಕೆ ಅನುಕೂಲ, ದಿನನಿತ್ಯದ ಜಾಬ್‌ಗೆ ಸ್ವಂತ ಕಂಟೇನರ್ ಇಮೇಜ್ (ಕಂಟೇನರನ್ನು ಎಬ್ಬಿಸುವ ಸಿದ್ಧ ಅಚ್ಚು) ಕೊಡುವುದೇ ಲೇಸು. ಆ ಇಮೇಜಿನಲ್ಲಿ ಬೀಮ್‌ನ ಆವೃತ್ತಿಯೂ ಪೈಥಾನ್ ಆವೃತ್ತಿಯೂ ನೀವು ಜಾಬ್ ಹಾಕುವ ಯಂತ್ರದಲ್ಲಿರುವುದಕ್ಕೆ ಹೊಂದಬೇಕು.

ಆವೃತ್ತಿಯ ಜಗಳ ವರ್ಕರ್‌ಗಳ ನಡುವೆಯೇ ಆಗಬೇಕೆಂದಿಲ್ಲ, ವಾಪಸ್ ಬರುವ ದಾರಿಯಲ್ಲೂ ಆಗುತ್ತದೆ. 2024ರ ಜೂನ್‌ನಲ್ಲಿ ನಂಪೈ 2.0 ಬಂದಾಗ ಅದರ ಒಳಗಿನ ‘ಕೋರ್’ ಮಾಡ್ಯೂಲಿನ ಹೆಸರಿಗೆ ಮುಂದೊಂದು ಅಂಡರ್‌ಸ್ಕೋರ್ ಸೇರಿತು. ವರ್ಕರ್‌ನಲ್ಲಿ ಹೊಸ ನಂಪೈ, ನಿಮ್ಮ ಡ್ರೈವರ್‌ನಲ್ಲಿ ತೀರಾ ಹಳೆಯದು ಇದ್ದರೆ, ಲೆಕ್ಕವೆಲ್ಲ ಸರಿಯಾಗಿ ಮುಗಿದು, ಫಲಿತಾಂಶದ ಅರೇಯನ್ನು (ಅಂಕಿಗಳ ಸಾಲನ್ನು) ಕಲೆಕ್ಟ್ ಮಾಡುವ, ಅಂದರೆ ಡ್ರೈವರ್‌ಗೆ ವಾಪಸ್ ತರುವ, ಕೊನೆಯ ಸಾಲಿನಲ್ಲಿ ‘ನಂಪೈ._ಕೋರ್ ಎಂಬ ಮಾಡ್ಯೂಲ್ ಇಲ್ಲ’ ಎಂದು ಡ್ರೈವರ್ ಬೀಳುತ್ತದೆ. ಕಥೆ ಮತ್ತೆ ಅದೇ ನೋಡಿ. ಅರೇಯ ಅಂಕಿಗಳು ಬಂದಿವೆ, ಅವನ್ನು ಜೋಡಿಸುವ ಫಂಕ್ಷನ್ನಿನ ಹೆಸರು ಮಾತ್ರ ಬಂದಿದೆ, ಆ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ.

ಈಗ ಡಾಕರ್. ನನ್ನ ಅಳತೆಗೋಲು ಇಷ್ಟೇ: ಲೈಬ್ರರಿಗಳ ಪಟ್ಟಿಯಲ್ಲಿ ಪಿಪ್ ಅಥವಾ ಕಾಂಡಾದಿಂದ ಬಾರದ, ಆಪರೇಟಿಂಗ್ ಸಿಸ್ಟಮ್ಮಿನ ಪ್ಯಾಕೇಜ್ ಆಗಿಯೇ ಹಾಕಬೇಕಾದ ಏನಾದರೂ ಇದೆಯೇ? ಒಸಿಆರ್ (ಚಿತ್ರದಿಂದ ಅಕ್ಷರ ಓದುವ) ಎಂಜಿನ್, ವಿಡಿಯೊ ಡಿಕೋಡರ್, ವಿಶೇಷ ಡೇಟಾಬೇಸ್ ಡ್ರೈವರ್, ಇಂಥವು? ಇದ್ದರೆ ಕಂಟೇನರ್‌ಗೆ ಹೋಗಿ, ಹಿಂದೆಮುಂದೆ ನೋಡಬೇಡಿ. ಕ್ಲಸ್ಟರ್ ಈಗಾಗಲೇ ಕುಬರ್ನೆಟೀಸ್ ಮೇಲಿದ್ದರೂ ಕಂಟೇನರೇ ಸಹಜ. ಯಾರ್ನ್ ಮೇಲಿದ್ದರೆ ಡಾಕರ್ ಓಡಿಸಲು ಕ್ಲಸ್ಟರ್ ನೋಡಿಕೊಳ್ಳುವವರು ಮೊದಲೇ ಸಿದ್ಧತೆ ಮಾಡಿರಬೇಕು. ಬರೀ ನಂಪೈ, ಪಾಂಡಾಸ್‌ಗಾಗಿ ಅವರ ಬೆನ್ನು ಹತ್ತುವುದು ಮೂಗಿಗಿಂತ ಮೂಗುತಿ ಭಾರ.

ಕಂಟೇನರ್ ಕಟ್ಟುವುದಾದರೆ ಲಾಕ್ ಫೈಲನ್ನು ಮೊದಲು ನಕಲು ಮಾಡಿ ಇನ್‌ಸ್ಟಾಲ್ ಮಾಡಿ, ನಿಮ್ಮ ಕೋಡನ್ನು ಕೊನೆಗೆ ಸೇರಿಸಿ. ಆಗ ಒಂದು ಸಾಲು ತಿದ್ದಿದಾಗ ಕೊನೆಯ ಪದರ ಮಾತ್ರ ಹೊಸದಾಗುತ್ತದೆ, ವರ್ಕರ್‌ಗಳೂ ಅಷ್ಟನ್ನೇ ಎಳೆದುಕೊಳ್ಳುತ್ತವೆ. ಗಾತ್ರ ಉಳಿಸಲು ಆಲ್ಪೈನ್ (ಬಹಳ ಪುಟ್ಟ ಲಿನಕ್ಸ್) ಹಿಡಿಯಬೇಡಿ: ಅದರಲ್ಲಿರುವುದು ಜಿಲಿಬ್‌ಸಿ ಅಲ್ಲ, ಮಸಲ್. ಮೆನಿಲಿನಕ್ಸ್ ವೀಲ್‌ಗಳು ಅಲ್ಲಿ ಓಡುವುದಿಲ್ಲ. ಮಸಲ್‌ಗೆಂದೇ ಬೇರೆ ವೀಲ್ ಕಟ್ಟಿಟ್ಟಿರದ ಲೈಬ್ರರಿಯನ್ನು ಪಿಪ್ ಸೋರ್ಸ್‌ನಿಂದ ಕಂಪೈಲ್ ಮಾಡಲು ಕೂರುತ್ತದೆ. ಡೆಬಿಯನ್‌ನ ಸ್ಲಿಮ್ ಇಮೇಜ್ ಸಾಕು. ಪಾಸ್‌ವರ್ಡ್ ಇರುವ ಫೈಲ್‌ಗಳು ಇಮೇಜಿನೊಳಗೆ ಸೇರದಂತೆ ಡಾಕರ್‌ಇಗ್ನೋರ್‌ನಲ್ಲಿ (ಡಾಕರ್ ಹೊರಗಿಡಬೇಕಾದ ಫೈಲ್‌ಗಳ ಪಟ್ಟಿಯಲ್ಲಿ) ಬರೆದಿಡಿ. ಪಾಸ್‌ವರ್ಡ್ ಫೈಲ್ ಸೇರಬಾರದು ಎಂಬುದು ಜಿಪ್ಪಿಗೂ ಅನ್ವಯ.

ಟ್ಯಾಗ್ (ಇಮೇಜಿಗೆ ಕೊಡುವ ಆವೃತ್ತಿಯ ಹೆಸರು) ವಿಷಯದಲ್ಲಿ ಮಾತ್ರ ನಾನು ಹಠಮಾರಿ. ಒಮ್ಮೆ ಪುಷ್ ಮಾಡಿದ ಟ್ಯಾಗಿನ ಮೇಲೆ ಮತ್ತೆ ಪುಷ್ ಮಾಡಬಾರದು. ಕುಬರ್ನೆಟೀಸ್‌ನಲ್ಲಿ ‘ಲೇಟೆಸ್ಟ್’ ಅಲ್ಲದ ಟ್ಯಾಗ್ ಕೊಟ್ಟರೆ, ನೋಡ್‌ನಲ್ಲಿ (ಕ್ಲಸ್ಟರಿನ ಒಂದು ಯಂತ್ರದಲ್ಲಿ) ಆ ಹೆಸರಿನ ಇಮೇಜ್ ಈಗಾಗಲೇ ಇದ್ದಲ್ಲಿ ಡಿಫಾಲ್ಟ್ ಆಗಿ ಅದನ್ನೇ ಬಳಸುತ್ತದೆ, ಹೊಸದನ್ನು ಎಳೆಯುವುದಿಲ್ಲ. ‘ವಿ3’ ಎಂಬ ಟ್ಯಾಗನ್ನು ತಿದ್ದಿ ಮತ್ತೆ ಪುಷ್ ಮಾಡಿದಿರಿ ಎನ್ನಿ: ನಿನ್ನೆ ಓಡಿಸಿದ ನೋಡ್‌ಗಳಲ್ಲಿ ಹಳೆಯ ವಿ3, ಇಂದು ಸೇರಿದ ನೋಡ್‌ಗಳಲ್ಲಿ ಹೊಸ ವಿ3. ನನ್ನ ದಿನಾಂಕದ ಗೋಳು ಡಾಕರ್ ವೇಷ ಹಾಕಿಕೊಂಡು ಮತ್ತೆ ಬಂತು. ಟ್ಯಾಗಿಗೆ ಗಿಟ್ ಕಮಿಟ್‌ನ ಹ್ಯಾಷ್ ಬಳಸಿ, ಇಲ್ಲವೇ ಇಮೇಜಿನ ಡೈಜೆಸ್ಟನ್ನೇ (ಅದರ ಒಳಗಿನದ್ದರಿಂದ ಲೆಕ್ಕ ಹಾಕಿದ ಗುರುತನ್ನೇ) ಕೊಡಿ.

ನೀವು ಜಾವಾ, ಸ್ಕಾಲಾ ಬಗ್ಗೆ ಕೇಳಿಲ್ಲ, ಆದರೂ ಎರಡು ಸಾಲು. ಅಲ್ಲಿ ಎಲ್ಲವನ್ನೂ ಒಂದೇ ಫ್ಯಾಟ್ ಜಾರ್ ಮಾಡಿ ಕಳಿಸುವುದು ರೂಢಿ. ಸ್ಪಾರ್ಕ್‌ನ ಸ್ವಂತ ಜಾರ್‌ಗಳನ್ನು ‘ಪ್ರೊವೈಡೆಡ್’ ಎಂದು ಗುರುತಿಸಿ ಹೊರಗಿಡಿ. ಗ್ವಾವಾ, ಪ್ರೊಟೊಬಫ್‌ನಂಥ ಲೈಬ್ರರಿಗಳನ್ನು ಶೇಡ್ ಮಾಡಿ, ಅಂದರೆ ಬೇರೆ ಪ್ಯಾಕೇಜ್ ಹೆಸರಿಗೆ ಸರಿಸಿ. ‘ನೋಸಚ್‌ಮೆಥಡ್‌ಎರರ್’ ಕಂಡಿತೆಂದರೆ ಒಂದೇ ಕ್ಲಾಸಿನ ಎರಡು ಆವೃತ್ತಿಗಳು ಹೊಡೆದಾಡುತ್ತಿವೆ ಎಂದೇ ಸಾಮಾನ್ಯವಾಗಿ ಅರ್ಥ.

ಹಾಗಾಗಿ ನಿಮಗೆ ನನ್ನ ಉತ್ತರ: ಎರಡನೇ ಸಹೋದ್ಯೋಗಿಯ ದಾರಿ ಬೇಡ, ಮೊದಲನೆಯವರ ದಾರಿ ಸದ್ಯಕ್ಕೆ ಅನಗತ್ಯ. ‘ಕ್ಲೀನ್’ ಅನ್ನು ವೀಲ್ ಮಾಡಿ, ಲಿನಕ್ಸ್ ಯಂತ್ರವೊಂದರಲ್ಲಿ ನಂಪೈ, ಪಾಂಡಾಸ್ ಜೊತೆ ಅದನ್ನೂ ಒಂದೇ ಕಾಂಡಾ ಎನ್ವಿರಾನ್‌ಮೆಂಟಿಗೆ ಹಾಕಿ, ಪ್ಯಾಕ್ ಮಾಡಿ ಆರ್ಕೈವ್ ಆಗಿ ಕಳಿಸಿ. ಡ್ರೈವರನ್ನೂ ಅದೇ ಎನ್ವಿರಾನ್‌ಮೆಂಟಿನಿಂದ ಓಡಿಸಿ. ಎನ್ವಿರಾನ್‌ಮೆಂಟ್ ಅಪರೂಪಕ್ಕೆ ಬದಲಾಗಿ, ನಿಮ್ಮ ಕೋಡ್ ದಿನಕ್ಕೆ ಹತ್ತು ಸಲ ಬದಲಾಗುತ್ತಿದ್ದರೆ ಮಾತ್ರ ‘ಕ್ಲೀನ್’ ಅನ್ನು ಬೇರೆ ಜಿಪ್ ಆಗಿ ಇಟ್ಟುಕೊಳ್ಳಿ. ಆಗ ಎನ್ವಿರಾನ್‌ಮೆಂಟಿನೊಳಗೆ ಅದರ ಇನ್ನೊಂದು ಪ್ರತಿ ಉಳಿದಿರಬಾರದು.

ನಿಜವಾದ ಡೇಟಾ ಮುಟ್ಟುವ ಮೊದಲು ಒಂದು ಪುಟ್ಟ ಜಾಬ್ ಓಡಿಸಿ. ನೋಟ್‌ಬುಕ್ ಸೆಲ್ಲಿನಲ್ಲೇ ಒಂದು ಫಂಕ್ಷನ್ ಬರೆಯಿರಿ, ಅದು ವರ್ಕರ್‌ಗೆ ಇಡಿಯಾಗಿ ಹೋಗುತ್ತದೆ ಎಂದು ಈಗ ಗೊತ್ತಲ್ಲ. ಇಂಪೋರ್ಟ್‌ಗಳೆಲ್ಲ ಆ ಫಂಕ್ಷನ್ನಿನ ಒಳಗೇ ಇರಲಿ. ಅದು ನಾಲ್ಕು ಸಂಗತಿ ವಾಪಸ್ ಕೊಡಲಿ: ಹೋಸ್ಟ್ (ಯಂತ್ರದ) ಹೆಸರು, ಪೈಥಾನ್ ಆವೃತ್ತಿ, ನಂಪೈ ಆವೃತ್ತಿ, ಮತ್ತು ‘ಕ್ಲೀನ್’ ಮಾಡ್ಯೂಲ್ ಯಾವ ಪಾತ್‌ನಿಂದ ಲೋಡ್ ಆಯಿತು ಎಂಬುದು. ಸೊನ್ನೆಯಿಂದ 99ರವರೆಗಿನ ಅಂಕಿಗಳನ್ನು 100 ಪಾರ್ಟಿಷನ್ ಮಾಡಿ, ಈ ಫಂಕ್ಷನ್ನನ್ನು ಮ್ಯಾಪ್ ಮಾಡಿ, ಡಿಸ್ಟಿಂಕ್ಟ್ ಹಾಕಿ (ಮರುಕಳಿಸಿದ ಸಾಲುಗಳನ್ನು ತೆಗೆದು) ಕಲೆಕ್ಟ್ ಮಾಡಿ. ಪ್ರತಿ ಹೋಸ್ಟ್‌ಗೂ ಒಂದಾದರೂ ಸಾಲು ಬರಬೇಕು, ಆವೃತ್ತಿಯ ಅಂಕಣಗಳಲ್ಲಿ ಎಲ್ಲ ಸಾಲುಗಳೂ ಒಂದೇ ಉತ್ತರ ಹೇಳಬೇಕು, ಪಾತ್‌ನಲ್ಲಿ ‘ಎನ್ವಿರಾನ್‌ಮೆಂಟ್’ ಫೋಲ್ಡರಿನ ಹೆಸರು ಕಾಣಬೇಕು. ಯಾವುದಾದರೂ ಸಾಲಿನಲ್ಲಿ ‘ಯುಎಸ್‌ಆರ್/ಲಿಬ್’ ಎಂದು ಕಂಡರೆ ಆ ವರ್ಕರ್ ಇನ್ನೂ ತನ್ನದೇ ಹಳೆಯ ಪೈಥಾನಿನಲ್ಲಿದೆ. ಪೈಸ್ಪಾರ್ಕ್_ಪೈಥಾನ್ ವೇರಿಯಬಲ್ ಬರೆದ ಸಾಲಿಗೆ ಹಿಂತಿರುಗಿ, ಅಲ್ಲಿ ಫೋಲ್ಡರಿನ ಹೆಸರಿಗೆ ಮೊದಲು ಚುಕ್ಕೆ-ಸ್ಲ್ಯಾಶ್ (./) ಇದೆಯೇ ನೋಡಿ.